ಮೊದಲ ಭೇಟಿ ಎಲ್ಲಿ? ಕಲಬುರಗಿಯ ಕೋಟೆ, ಬುದ್ಧ ವಿಹಾರ, ಕೆರೆಯ ದಂಡೆ ಮತ್ತು ಟೋಕನ್ ಹೋಟೆಲು

ಆನ್‌ಲೈನ್ ವೈವಾಹಿಕ ಜಾಹೀರಾತಿನಿಂದ ಪರಿಚಯವಾದವರನ್ನು ಮನೆಯ ಹಿರಿಯರು ಕೂಡುವ ಮೊದಲು ನಾನೇ ಒಮ್ಮೆ ಎದುರು ಕೂತು ಮಾತನಾಡಿಸಬೇಕು ಎಂಬುದು, ಮರುಮದುವೆಗೆ ಮನಸ್ಸು ಮಾಡಿದಾಗಲೇ ನಾನು ಹಾಕಿಕೊಂಡ ನಿಯಮ. ಅಂಥವರನ್ನು ಕಲಬುರಗಿಯ ಬೇರೆ ಬೇರೆ ಸ್ಥಳಗಳಲ್ಲಿ ಕಂಡಿರುವ ನಾನು ಆ ಸ್ಥಳಗಳನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಮಾತು ಸರಿಬೀಳದಿದ್ದರೆ, ಎದುರಿನವರ ಒಪ್ಪಿಗೆಯನ್ನೂ ನೆರವನ್ನೂ ಬಯಸದೆ, ಅಲ್ಲಿಂದ ಎದ್ದು ಹೊರಡಲು ಬರುತ್ತದೆಯೇ? ವೈವಾಹಿಕ ಜಾಲತಾಣಗಳು ಬಳಕೆದಾರರ ಗುರುತಿನ ಪುರಾವೆ ಪಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಸೂಚಿಸಿದೆ. ಅದು ಬೇಕಾದದ್ದೇ, ಆದರೆ ಗುರುತಿನ ಚೀಟಿಯಿಂದ ತಿಳಿಯುವುದು ಹೆಸರು ಮತ್ತು ವಿಳಾಸ, ನಡತೆಯಲ್ಲ.

ಕೋಟೆಯನ್ನು ಸೂಚಿಸುವವರು ಬಹಳ. 1367ರ ಜಾಮಿ ಮಸೀದಿಯನ್ನು ನೋಡುವ ನೆಪವಿರುತ್ತದೆ, ಮಾತಿಗೆ ವಿಷಯವೂ ಸಿಗುತ್ತದೆ. ಆದರೆ ಒಳಗಿನ ಬಯಲು ವಿಶಾಲವಾಗಿದ್ದು, ಮಾತನಾಡುತ್ತ ನಡೆದಷ್ಟೂ ಜನರಿಂದ ದೂರವಾಗುತ್ತೇವೆ; ಮಧ್ಯಾಹ್ನದ ಬಿಸಿಲಿನಲ್ಲಿ ಕೂಗಿ ಕರೆದರೆ ಕೇಳುವವರು ಸಿಕ್ಕಾರೆಂಬ ಭರವಸೆಯಿಲ್ಲ. ಎರಡೂ ಮನೆಯವರು ಪರಿಚಿತರಾದ ಮೇಲೆ ಅದು ಸೊಗಸಾದ ಸ್ಥಳ, ಮೊದಲ ಭೇಟಿಗೆ ಅಲ್ಲ.

ಸೇಡಂ ರಸ್ತೆಯ ಬುದ್ಧ ವಿಹಾರ ಇದಕ್ಕಿಂತ ಎಷ್ಟೋ ಮೇಲು. ಆವರಣ ಶುಚಿಯಾಗಿದೆ, ಕುಟುಂಬ ಸಮೇತ ಬರುವವರಿದ್ದಾರೆ, ಅಲ್ಲಿನ ಶಾಂತಿಗೆ ಎದುರಿನವರ ದನಿಯೂ ತಗ್ಗುತ್ತದೆ. ತೊಡಕು ಇರುವುದು ಹಿಂದಿರುಗುವಾಗ. ಊರಿನ ನಡುಭಾಗದಿಂದ ದೂರವಾದ್ದರಿಂದ ಆಟೊಗಾಗಿ ಕಾಯುತ್ತ ನಿಂತಾಗ, "ಆಟೊ ಯಾಕ್ರೀ, ನಾನೇ ಬಿಡ್ತೀನಿ ಬರ್ರಿ" ಎಂಬ ಮಾತು ಬಂದೇ ಬರುತ್ತದೆ. ಹೇಳುವವರು ಸಜ್ಜನರೇ ಇರಬಹುದು, ಆದರೆ ಆ ಬೈಕ್ ಹತ್ತಿದರೆ ದಾರಿಯೂ ವೇಗವೂ ಅವರ ಕೈಯಲ್ಲಿರುತ್ತವೆ, ಇಳಿಯುವ ಹೊತ್ತಿಗೆ ನಮ್ಮ ಮನೆ ಅವರಿಗೆ ಗೊತ್ತಾಗಿರುತ್ತದೆ. ಅಲ್ಲಿಗೆ ಹೋಗುವುದೇ ಆದರೆ ಹಿಂದಿರುಗುವ ಆಟೊವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಶರಣಬಸವೇಶ್ವರ ಕೆರೆಯ ದಂಡೆಯ ಬಗ್ಗೆ ತುಸು ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ನಮ್ಮ ಭಾಗದ ಹೆಣ್ಣುಮಕ್ಕಳು ಅದನ್ನು ಬೇಡವೆನ್ನುವ ಕಾರಣವೇ ಬೇರೆ. ಸಂಜೆ ಅಲ್ಲಿ ವಾಯುವಿಹಾರಕ್ಕೆ ಬಂದವರಲ್ಲಿ ಓಣಿಯವರೋ, ಅಣ್ಣನ ಸ್ನೇಹಿತರೋ, ಕಚೇರಿಯವರೋ ಕಂಡೇ ಕಾಣುತ್ತಾರೆ. "ಯಾರಾದರೂ ನೋಡಿದರೆ ಏನಂದಾರು" ಎಂಬ ಅಳುಕಿನಿಂದಲೇ ಹಲವರು ಊರಾಚೆಯ ಢಾಬಾ, ಖಾಲಿ ರಸ್ತೆ, ನಿಲ್ಲಿಸಿದ ಕಾರು ಇಂಥವನ್ನು ಆರಿಸಿಕೊಳ್ಳುತ್ತಾರೆ. ಈ ಅಳುಕನ್ನು ಅರಿತ ದುಷ್ಟನಿಗೆ ಬೇರೆ ಉಪಾಯವೇ ಬೇಕಿಲ್ಲ. ಗುರುತಿನವರ ಕಣ್ಣಿಗೆ ಬೀಳುವುದು ಮುಜುಗರದ ಸಂಗತಿಯಾದರೂ ಅದಕ್ಕಿಂತ ಗಟ್ಟಿಯಾದ ಕಾವಲು ಒಬ್ಬ ಒಂಟಿ ಹೆಣ್ಣಿಗೆ ಈ ಊರಿನಲ್ಲಿ ಸಿಗಲಾರದು ಎಂದೇ ನಾನು ನಂಬಿದ್ದೇನೆ. ಮೊದಲೇ ಒಬ್ಬ ಅಕ್ಕನಿಗೋ ಅತ್ತಿಗೆಗೋ ಹೇಳಿಟ್ಟರೆ ಆ ಮುಜುಗರವೂ ಅರ್ಧ ಕರಗುತ್ತದೆ. ಕೆರೆಯ ದಂಡೆಯ ಮಿತಿಯೆಂದರೆ ಬೆಳಕು: ಕತ್ತಲಾಗುವ ಮೊದಲೇ ಏಳಬೇಕು, ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಬಿಸಿಲು ಇಳಿದ ಮೇಲೆ ಉಳಿಯುವ ಹೊತ್ತು ಕಡಿಮೆ. ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಆ ಕಡೆ ಬೇಡವೇ ಬೇಡ. ಆ ನೂಕುನುಗ್ಗಲಿನಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ.

ಹೋಟೆಲುಗಳಲ್ಲಿ ಎರಡು ಬಗೆ. ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮ್ ಮರ್ಯಾದಸ್ಥರ ಜಾಗದಂತೆ ಕಂಡರೂ, ಪರದೆಯ ಒಳಗೆ ನಡೆಯುವುದು ಮಾಣಿಗೂ ಕಾಣುವುದಿಲ್ಲ, ಬಿಲ್ಲು ಬರುವವರೆಗೆ ಏಳಲೂ ಆಗುವುದಿಲ್ಲ. ನನ್ನ ಆಯ್ಕೆ ಸೂಪರ್ ಮಾರ್ಕೆಟ್ ಸುತ್ತಲಿನಂಥ ಜನನಿಬಿಡ ರಸ್ತೆಯ ಟೋಕನ್ ಹೋಟೆಲು. ಅಲ್ಲಿ ಮೊದಲೇ ಹಣ ಕೊಟ್ಟಿರುವುದರಿಂದ ಯಾರ ಋಣವೂ ಇರುವುದಿಲ್ಲ, ಚಹಾವನ್ನು ನಾವೇ ಕೌಂಟರಿನಿಂದ ತರುವುದರಿಂದ ಲೋಟ ನಮ್ಮ ಕಣ್ಣಳತೆಯಲ್ಲೇ ಇರುತ್ತದೆ, ಬೇಡವೆನಿಸಿದರೆ ಅರ್ಧ ಲೋಟ ಬಿಟ್ಟು ಎದ್ದರೂ ತಡೆಯುವವರಿಲ್ಲ. ಹೊರಗೆ ಆಟೊ ಸಿಗುತ್ತದೆ; ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಗರ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಬೇಕಿಲ್ಲ. ಗದ್ದಲವಿರುವುದು ನಿಜ, ಮನಸ್ಸು ಬಿಚ್ಚಿ ಮಾತನಾಡಲು ಅದು ತಕ್ಕ ಜಾಗವಲ್ಲ. ಆದರೂ ಮೊದಲ ಭೇಟಿಗೆ ಅರ್ಧ ಗಂಟೆ ಸಾಕು.

ಇರುವ ಸ್ಥಳವನ್ನು ತಂಗಿಗೆ ತಿಳಿಸಲು ವಾಟ್ಸಾಪ್ ಮತ್ತು ಗೂಗಲ್ ಮ್ಯಾಪ್ಸ್ ಎರಡನ್ನೂ ಬಳಸಿದ್ದೇನೆ. ವಾಟ್ಸಾಪ್‌ನ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರೇ ಅವಧಿಗಳಿವೆ. ನಾನು ಯಾವಾಗಲೂ 8 ಗಂಟೆಯದನ್ನೇ ಒತ್ತುತ್ತೇನೆ. ಗೂಗಲ್ ಮ್ಯಾಪ್ಸ್ ನಾವಾಗಿ ನಿಲ್ಲಿಸುವವರೆಗೂ ತೋರಿಸಬಲ್ಲದು, ಜೊತೆಗೆ ನಮ್ಮ ಫೋನಿನ ಬ್ಯಾಟರಿ ಎಷ್ಟಿದೆ ಎಂಬುದನ್ನೂ ಹೇಳುತ್ತದೆ; ಸುಳಿವು ನಿಂತುಹೋದಾಗ ಚಾರ್ಜ್ ಮುಗಿಯಿತೋ ಬೇರೇನಾದರೂ ಆಯಿತೋ ಎಂದು ಊಹಿಸಲು ತಂಗಿಗೆ ಇದು ನೆರವಾಗುತ್ತದೆ. ಆದ್ದರಿಂದ ಗೂಗಲ್ ಮ್ಯಾಪ್ಸ್ ಒಂದು ತೂಕ ಹೆಚ್ಚು. ಆದರೆ ಎರಡು ಮೇಜು ಆಚೆ ಚಹಾ ಕುಡಿಯುತ್ತ ಕೂತ ತಂಗಿಗೆ ಇವೆರಡೂ ಸಮವಲ್ಲ. ಅಪಾಯವೆನಿಸಿದರೆ ಕರೆಯಬೇಕಾದ ಸಂಖ್ಯೆ 112. ಭೇಟಿಗೆ ಮೊದಲೇ, ವಿದೇಶದಿಂದ ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ ಎಂದೋ ಆಸ್ಪತ್ರೆಯ ಖರ್ಚೆಂದೋ ಹಣ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಬೀದರಿನವರಾದರೆ "ನಡುವೆ ಹುಮನಾಬಾದಿನಲ್ಲಿ ಸೇರೋಣ" ಎನ್ನುವುದುಂಟು. ಇಬ್ಬರಿಗೂ ಸಮದೂರ ಎಂಬುದು ನ್ಯಾಯವಾಗಿ ಕಂಡರೂ ಅಲ್ಲಿ ನನಗೆ ಪರಿಚಿತರಿಲ್ಲ, ಆದ್ದರಿಂದ ಒಪ್ಪುವುದಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಅವರು ಇಲ್ಲಿಗೆ ಬಂದು ಹೋಗುವುದು ಕಷ್ಟವೂ ಅಲ್ಲ. ಮೊದಲ ಭೇಟಿ ನಮ್ಮೂರಿನಲ್ಲೇ ಆಗಲಿ; ಎರಡನೆಯ ಸಲ ತಂಗಿಯನ್ನು ಕರೆದುಕೊಂಡು ಬೀದರಿಗೆ ಹೋಗಿ, ಎಲ್ಲರಿಗೂ ಉಚಿತ ಊಟದ ಲಂಗರ್ ನಡೆಯುವ, ಜನರ ಓಡಾಟ ನಿಲ್ಲದ ಗುರುನಾನಕ್ ಝೀರಾ ಗುರುದ್ವಾರದ ಆವರಣದಲ್ಲಿ ಕಂಡು, ಬೆಳಕಿರುವಾಗಲೇ ಬಸ್ಸು ಹಿಡಿಯಬಹುದು.