ಕೊಲೊಸಿಯಮ್ ಟಿಕೆಟ್ ಕೊಳ್ಳುವ ಮುನ್ನ: ನಮ್ಮ ಚೀಟಿಯಲ್ಲಿ ಬೇರೆಯವರ ಹೆಸರಿತ್ತು

ರೋಮ್‌ಗೆ ಹೊರಟವರಿಗೆ ಎಲ್ಲರೂ ಜೇಬುಗಳ್ಳರ ಕಥೆ ಹೇಳುತ್ತಾರೆ. ನಮಗೂ ಹೇಳಿದ್ದರು. ಟರ್ಮಿನಿ ರೈಲು ನಿಲ್ದಾಣದಲ್ಲಿ ಕೈಚೀಲವನ್ನು ಎಳೆಗೂಸಿನಂತೆ ಎದೆಗೆ ಅವುಚಿಕೊಂಡೇ ಓಡಾಡಿದೆವು. ಒಂದು ಸೆಂಟ್ ಕೂಡ ಹೋಗಲಿಲ್ಲ. ಹೋಗಬೇಕಾದ 177 ಯೂರೋ ವಿಮಾನ ಹತ್ತುವ ಮೊದಲೇ ಹೋಗಿಯಾಗಿತ್ತು. ಕೊಟ್ಟವಳು ನಾನೇ, ಮೊಬೈಲ್ ಒತ್ತಿ, ನನ್ನ ಕೈಯಾರೆ.

ನಾವು ಮೂವರು: ಅಪ್ಪ, ಸೋದರತ್ತೆ, ನಾನು. ಮೇ ತಿಂಗಳಲ್ಲಿ ನಾಲ್ಕು ದಿನ ರೋಮ್‌ನಲ್ಲಿದ್ದೆವು. ಅಪ್ಪ ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು. ಪ್ರಾಚೀನ ರೋಮನ್ನರ ಕ್ರೀಡಾಂಗಣವಾದ ಕೊಲೊಸಿಯಮ್ ಒಳಗೆ ಒಂದು ಗಂಟೆ ನಿಂತರೆ ಸಾಕು, ಉಳಿದದ್ದೆಲ್ಲ ನಿಮ್ಮಿಷ್ಟ ಎಂದಿದ್ದರು. ಆ ಒಂದು ಗಂಟೆಯ ಏರ್ಪಾಡನ್ನು ನಾನು ಹೊರಡಲು ಹತ್ತು ದಿನ ಇರುವಾಗ ಶುರುಮಾಡಿದೆ. ಅಧಿಕೃತ ಟಿಕೆಟ್‌ಗಳು ಭೇಟಿಯ ದಿನಕ್ಕೆ 30 ದಿನ ಮೊದಲು ಬಿಡುಗಡೆಯಾಗುತ್ತವೆ, ಜನ ಮುಗಿಬೀಳುವ ತಿಂಗಳುಗಳಲ್ಲಿ ಬೇಗನೆ ಖಾಲಿಯೂ ಆಗುತ್ತವೆ ಎಂಬುದು ಆಗ ಗೊತ್ತಿರಲಿಲ್ಲ.

ಹುಡುಕಿದೊಡನೆ ಮೊಟ್ಟಮೊದಲು ಬಂದ ಜಾಲತಾಣವನ್ನು ತೆರೆದೆ. ಅದು ಜಾಹೀರಾತು ಎಂದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಗಮನಿಸಲಿಲ್ಲ. ಹೆಸರಿನಲ್ಲಿ ‘ಕೊಲೊಸಿಯಮ್’ ಇತ್ತು, ‘ಅಫಿಶಿಯಲ್’ ಇತ್ತು. ಪುಟದ ಮೇಲೆ ಕೆಂಪು ಗಡಿಯಾರ ಓಡುತ್ತಿತ್ತು, ‘ಇನ್ನು ನಾಲ್ಕೇ ಟಿಕೆಟ್ ಉಳಿದಿವೆ’ ಎಂದು ಹೆದರಿಸುತ್ತಿತ್ತು. ಒಬ್ಬರಿಗೆ 59 ಯೂರೋ. ಪಕ್ಕದಲ್ಲೇ ಇರುವ ಪ್ರಾಚೀನ ಅವಶೇಷಗಳ ತಾಣಗಳಾದ ಫೋರಮ್ ಮತ್ತು ಪ್ಯಾಲಟೈನ್ ಬೆಟ್ಟವೂ ಸೇರಿದ ಸಾಮಾನ್ಯ ಅಧಿಕೃತ ಟಿಕೆಟ್ 18 ಯೂರೋ ಎಂದು ಆಮೇಲೆ ತಿಳಿಯಿತು. ಸರದಿಯಲ್ಲಿ ನಿಲ್ಲದೆ ಒಳಹೋಗಬಹುದಲ್ಲ, ಅತ್ತೆಯ ಮಂಡಿನೋವಿಗೆ ಒಳ್ಳೆಯದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಣ ಕಟ್ಟಿದೆ.

ಅಲ್ಲೊಂದು ಸುಳಿವು ಕಣ್ಣೆದುರೇ ಇತ್ತು. ಹಣ ಕಟ್ಟುವಾಗ ಆ ತಾಣ ನನ್ನ ಹೆಸರನ್ನು ಮಾತ್ರ ಕೇಳಿತು. ಅಪ್ಪನದಾಗಲಿ ಅತ್ತೆಯದಾಗಲಿ ಹೆಸರು ಅದಕ್ಕೆ ಬೇಕಿರಲಿಲ್ಲ. 2023ರ ಅಕ್ಟೋಬರ್‌ನಿಂದ ಕೊಲೊಸಿಯಮ್‌ನ ಪ್ರತಿಯೊಂದು ಟಿಕೆಟ್ ಮೇಲೂ ಭೇಟಿ ಕೊಡುವವರ ಹೆಸರು ಇರಲೇಬೇಕು, ಬಾಗಿಲಲ್ಲಿ ಗುರುತಿನ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಹೆಸರು ಕೇಳದ ಮಾರಾಟಗಾರ ನಿಮಗೆ ಟಿಕೆಟ್ ಮಾರುತ್ತಿಲ್ಲ, ಬೇರೆ ಏನನ್ನೋ ಮಾರುತ್ತಿದ್ದಾನೆ.

ಹಿಂದಿನ ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಸಂದೇಶ ಬಂತು: ಬೆಳಿಗ್ಗೆ 10.10ಕ್ಕೆ ಕೊಲೊಸಿಯೊ ಮೆಟ್ರೋ ನಿಲ್ದಾಣದ ಹೊರಗೆ ಬನ್ನಿ, ಹಸಿರು ಕೊಡೆ ಹಿಡಿದವರನ್ನು ಹುಡುಕಿ. ಹಸಿರು ಕೊಡೆ ಬಂದದ್ದು 10.50ಕ್ಕೆ. ಅಷ್ಟು ಹೊತ್ತಿಗೆ ನಮ್ಮಂತೆ ಕಾಯುತ್ತಿದ್ದವರು ಇಪ್ಪತ್ತು ಜನರಾಗಿದ್ದರು. ಕೊಡೆಯವನು ಮಾತಿಲ್ಲದೆ ಎಲ್ಲರ ಎದೆಗೂ ಹಸಿರು ಸ್ಟಿಕ್ಕರ್ ಅಂಟಿಸುತ್ತಾ ಹೋದ. ಅತ್ತೆಯ ರೇಷ್ಮೆ ಸೀರೆಯ ಸೆರಗಿಗೂ ಒಂದು ಅಂಟಿಸಿದ. ಕೈಗೊಂದೊಂದು ಮಡಿಸಿದ ಕಾಗದ ಕೊಟ್ಟು, ಅದೋ ಆ ಬಾಗಿಲು ಎಂದು ಬೆರಳು ತೋರಿಸಿ, ಇನ್ನೊಂದು ಗುಂಪಿನ ಕಡೆ ನಡೆದುಬಿಟ್ಟ. ಮಾರ್ಗದರ್ಶನ ಎಂದರೆ ಅಷ್ಟೇ.

‘ಸರದಿ ಇಲ್ಲ’ ಎಂಬುದೂ ಸುಳ್ಳು. ವಿಮಾನ ನಿಲ್ದಾಣದಲ್ಲಿರುವಂತಹ ಭದ್ರತಾ ತಪಾಸಣೆಯ ಸರದಿ ಅಲ್ಲಿದೆ, ಯಾವ ಟಿಕೆಟ್ ಕೊಂಡರೂ ಅದು ತಪ್ಪುವುದಿಲ್ಲ. ನಲವತ್ತು ನಿಮಿಷ ಬಿಸಿಲಿನಲ್ಲಿ ನಿಂತ ಮೇಲೆ ಬಾಗಿಲ ಸಿಬ್ಬಂದಿ ಅಪ್ಪನ ಪಾಸ್‌ಪೋರ್ಟ್ ನೋಡಿದಳು, ಕಾಗದ ನೋಡಿದಳು, ಮತ್ತೆ ಅಪ್ಪನ ಮುಖ ನೋಡಿದಳು. ಅಪ್ಪನ ಕಾಗದದಲ್ಲಿದ್ದದ್ದು ಯಾರೋ ಹೆಂಗಸಿನ ಹೆಸರು. ನನ್ನದರಲ್ಲೂ ಅತ್ತೆಯದರಲ್ಲೂ ಬೇರೆ ಇಬ್ಬರ ಹೆಸರುಗಳು. ನಾನು ಹಣ ಕಟ್ಟಿದ ರಸೀದಿ ತೋರಿಸಿದೆ. ಅದು ನಮ್ಮ ರಸೀದಿಯಲ್ಲ ಎಂದು ಆಕೆ ಸೌಜನ್ಯದಿಂದಲೇ ಹೇಳಿದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ.

“ಅಣ್ಣಾ, ಈ ವಯಸ್ಸಿನಲ್ಲಿ ನಿನಗೆ ಎರಡನೇ ನಾಮಕರಣ ಆಯಿತಲ್ಲ” ಎಂದರು ಅತ್ತೆ. ಯಾರೂ ನಗಲಿಲ್ಲ.

ಕೊಡೆಯವನಿಗೆ ಏಳು ಸಲ ಕರೆ ಮಾಡಿದೆ. ಎರಡನೆಯ ಸಲ ಎತ್ತಿ, ಸಂಜೆ 4.30ಕ್ಕೆ ಬನ್ನಿ, ಬದಲಿ ಟಿಕೆಟ್ ಕೊಡುತ್ತೇನೆ ಎಂದ. ಆಮೇಲೆ ಎತ್ತಲೇ ಇಲ್ಲ. 4.30ಕ್ಕೆ ಹೋದೆವು, ಅವನಿರಲಿಲ್ಲ.

ನಡುವಿನ ಹೊತ್ತನ್ನು ಅಪ್ಪ ಹೊರಗೋಡೆಯ ಬುಡದಲ್ಲೇ ಕಳೆದರು. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಇದನ್ನು ಉದ್ಘಾಟಿಸಿದಾಗ ನೆಲಮಟ್ಟದಲ್ಲಿ 80 ಕಮಾನುಗಳಿದ್ದವು, ಅವುಗಳಲ್ಲಿ 76ಕ್ಕೆ ರೋಮನ್ ಸಂಖ್ಯೆ ಕೆತ್ತಿದ್ದರು. ಹೊರಗೋಡೆ ಉಳಿದಿರುವ ಕಡೆ 23ರಿಂದ 54ರವರೆಗಿನ ಸಂಖ್ಯೆಗಳು ಇಂದಿಗೂ ಇವೆ. ಅಪ್ಪ 44ನೆಯ ಕಮಾನಿನ ಕೆಳಗೆ ನಿಂತು ನನ್ನನ್ನು ಕೂಗಿ ಕರೆದರು: “ಇಲ್ಲಿ ನೋಡು, ನಾಲ್ಕನ್ನು ನಾಲ್ಕು ಗೀಟು ಎಳೆದೇ ಬರೆದಿದ್ದಾರೆ. ನಾವು ಮಕ್ಕಳಿಗೆ ಕಲಿಸಿದ್ದು ಹೀಗಲ್ಲ.” ನಿಜ, ನಲವತ್ತನ್ನು ಐವತ್ತರಿಂದ ಹತ್ತು ಕಳೆದು (XL) ಬರೆದವರು ನಾಲ್ಕನ್ನು ಮಾತ್ರ ಗೀಟು ಗೀಟಾಗಿ (IIII) ಕೆತ್ತಿದ್ದಾರೆ. ಪ್ರೇಕ್ಷಕನ ಕೈಯಲ್ಲಿ ಒಂದು ಬಿಲ್ಲೆ, ಬಿಲ್ಲೆಯಲ್ಲಿದ್ದ ಸಂಖ್ಯೆಯ ಕಮಾನಿನಿಂದ ಒಳಗೆ. ಸುಮಾರು ಐವತ್ತು ಸಾವಿರ ಜನರನ್ನು ಹಾಗೆ ಕೂರಿಸುತ್ತಿದ್ದರಂತೆ. ಹೊರಗೆ ಉಳಿದ ನಮಗೆ ಆ ವಿವರ ಕೇಳಿ ಇನ್ನಷ್ಟು ಹೊಟ್ಟೆ ಉರಿಯಿತು.

ಇದು ನಮ್ಮೊಬ್ಬರ ಗ್ರಹಚಾರವಲ್ಲ. ಟಿಕೆಟ್ ಬಿಡುಗಡೆಯಾದ ಕ್ಷಣವೇ ತಂತ್ರಾಂಶ ಬಳಸಿ ರಾಶಿಗಟ್ಟಲೆ ಖರೀದಿಸಿ ದುಬಾರಿಗೆ ಮಾರುವ ದಂಧೆ ಅಲ್ಲಿ ದೊಡ್ಡ ಸುದ್ದಿಯಾಗಿತ್ತು. 2025ರ ಏಪ್ರಿಲ್‌ನಲ್ಲಿ ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ನಡೆಯುವಂತೆ ನೋಡಿಕೊಳ್ಳುವ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಹಿಂದೆ ಟಿಕೆಟ್ ಮಾರಾಟ ನೋಡಿಕೊಳ್ಳುತ್ತಿದ್ದ ಸಂಸ್ಥೆಗೂ ಆರು ಪ್ರವಾಸ ಕಂಪನಿಗಳಿಗೂ ಸೇರಿ 2 ಕೋಟಿ ಯೂರೋಗೆ ಹತ್ತಿರದ ದಂಡ ಹಾಕಿತು. ನಮಗೆ ಮಾರಿದವರು ಆ ಪೈಕಿಯವರೆಂದು ನಾನು ಹೇಳುತ್ತಿಲ್ಲ.

ಹೋಗುವವರು ಇಷ್ಟು ಮಾಡಿ. ಕೊಲೊಸಿಯಮ್ ಪುರಾತತ್ವ ಉದ್ಯಾನದ ಸ್ವಂತ ತಾಣದಲ್ಲೇ ಕೊಳ್ಳಿ. ಅದರ ವಿಳಾಸದಲ್ಲಿ ಇರುವುದು ‘ಕೊಲೊಸಿಯೊ’ ಎಂಬ ಇಟಾಲಿಯನ್ ರೂಪ, ಕೊನೆಯಲ್ಲಿ ‘ಡಾಟ್ ಐಟಿ’. ಇಂಗ್ಲಿಷ್ ಹೆಸರನ್ನು ಢಾಳಾಗಿ ಹೊತ್ತ ತಾಣವೆಂದರೆ ಎರಡು ಸಲ ನೋಡಿ. ಎಲ್ಲರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ. ಅಲ್ಲಿ ಸಿಗದೆ ಮಾರ್ಗದರ್ಶಿಯ ಪ್ರವಾಸವನ್ನೇ ಕೊಳ್ಳಬೇಕಾಗಿ ಬಂದರೆ, ಪ್ರತಿಯೊಬ್ಬರ ಪೂರ್ಣ ಹೆಸರನ್ನು ಅವರಾಗಿಯೇ ಕೇಳುತ್ತಾರೋ ಇಲ್ಲವೋ ನೋಡಿಕೊಳ್ಳಿ.

ಪ್ರಾಚೀನ ರೋಮನ್ ದೇವಾಲಯವಾದ ಪ್ಯಾಂಥಿಯನ್‌ಗೂ 2023ರ ಜುಲೈನಿಂದ ಟಿಕೆಟ್ ಇದೆ, ಶುರುವಾದಾಗ ಅದರ ದರ 5 ಯೂರೋ. ಅದಕ್ಕೊಂದು ಧ್ವನಿಮುದ್ರಿತ ವಿವರಣೆ ಅಂಟಿಸಿ ಹಲವು ಪಟ್ಟು ದರಕ್ಕೆ ಮಾರುವವರೂ ಇದ್ದಾರೆ. ಬಸ್‌ನ ಕಾಗದದ ಟಿಕೆಟ್ ಜೇಬಿನಲ್ಲಿದ್ದರೆ ಸಾಲದು, ಹತ್ತಿದೊಡನೆ ಯಂತ್ರದಲ್ಲಿ ಮುದ್ರೆ ಬೀಳಬೇಕು. ಇಲ್ಲದಿದ್ದರೆ ಒಂದೂವರೆ ಯೂರೋ ಟಿಕೆಟ್‌ಗೆ ಐವತ್ತು ಯೂರೋ ದಾಟಿದ ದಂಡ. ಈ ಪಾಠ ನಮಗೆ ಪುಕ್ಕಟೆಯಾಗಿ ಸಿಕ್ಕಿತು, ಮುಂದಿನ ಸೀಟಿನವರಿಗೆ ದಂಡ ಬಿದ್ದದ್ದನ್ನು ನೋಡಿ.

ಕೊನೆಯ ಸಂಜೆ ಅಪ್ಪನನ್ನು ಕ್ಯಾಪಿಟೋಲೈನ್ ಬೆಟ್ಟಕ್ಕೆ ಕರೆದುಕೊಂಡು ಹೋದೆ. ನಗರಸಭೆ ಕಟ್ಟಡದ ಪಕ್ಕದ ಕಟ್ಟೆಯಿಂದ ಇಡೀ ಫೋರಮ್ ಕಾಲ ಕೆಳಗೆ ಕಾಣುತ್ತದೆ, ದೂರದಲ್ಲಿ ಕೊಲೊಸಿಯಮ್ ಕೂಡ. ಅದನ್ನು ನೋಡಲು ಹಣ ಕೊಡಬೇಕಿಲ್ಲ. ಅಪ್ಪ ಕತ್ತಲಾಗುವ ತನಕ ಅಲ್ಲಿಂದ ಕದಲಲಿಲ್ಲ.

ಹಣ ವಾಪಸ್ ಕೊಡಿಸಿ ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟೆ. ಮಾರಾಟಗಾರರ ಉತ್ತರ ಹೀಗಿತ್ತು: ಗ್ರಾಹಕರು ಹೇಳಿದ ಜಾಗಕ್ಕೆ ಬಂದಿದ್ದರು, ಸ್ಟಿಕ್ಕರ್ ಪಡೆದರು, ಆದ್ದರಿಂದ ಸೇವೆ ಸಂದಾಯವಾಗಿದೆ. ಪುಣ್ಯಕ್ಕೆ ಬಾಗಿಲ ಬಳಿಯೇ ಅಪ್ಪನ ಪಾಸ್‌ಪೋರ್ಟನ್ನೂ ಆ ಹೆಂಗಸಿನ ಹೆಸರಿನ ಕಾಗದವನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದುಕೊಂಡಿದ್ದೆ, ಅತ್ತೆಯವನ್ನೂ ಹಾಗೆಯೇ. ಏಳು ವಾರಗಳ ನಂತರ 118 ಯೂರೋ ಬಂತು. ಉಳಿದ 59 ನನ್ನ ಟಿಕೆಟ್‌ನದು. ನನ್ನ ಕಾಗದದ ಫೋಟೋ ತೆಗೆಯುವುದನ್ನು ಮರೆತಿದ್ದೆ.