ತಮ್ಮನನ್ನು ಆಶ್ರಮಕ್ಕೆ ಕಳಿಸಿ ಮೂರು ವಾರ ನಾವು ನೆಮ್ಮದಿಯಾಗಿದ್ದೆವು

ಕುಡಿತ ಬಿಡಿಸುತ್ತೇವೆ ಎನ್ನುವ ಆಶ್ರಮವೊಂದಕ್ಕೆ ನನ್ನ ತಮ್ಮನನ್ನು ಸೇರಿಸಿದವನು ನಾನೇ. ಅರ್ಜಿಗೆ ಸಹಿ ಹಾಕಿದ್ದು ನಾನು, ಹಣ ಎಣಿಸಿ ಕೊಟ್ಟದ್ದೂ ನಾನು. ಜಾಗದ ಹೆಸರು ಹೇಳುವುದಿಲ್ಲ. ಅಂಥ ಕಡೆಗೆ ಮನೆಯವರನ್ನು ಕಳಿಸಲು ಹೊರಟವರು ಇದನ್ನು ಓದಿದರೆ ಸಾಕು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಬೆಳಿಗ್ಗೆ ಎದ್ದು ಕೈನಡುಕ ನಿಲ್ಲಬೇಕಾದರೂ ತಮ್ಮನಿಗೆ ಒಂದು ಕ್ವಾರ್ಟರ್ ಬೇಕು ಎನ್ನುವ ಸ್ಥಿತಿ ಬಂದಿತ್ತು. ಹಿಂದೊಮ್ಮೆ ಲಾಂಚಿನಲ್ಲಿ ಹಿನ್ನೀರು ದಾಟಿಸಿ ಸಿಗಂದೂರಿಗೆ ಕರೆದೊಯ್ದು ದೇವಿಯ ಮುಂದೆ ಆಣೆ ಮಾಡಿಸಿದ್ದೆವು. 40 ದಿನ ನಿಭಾಯಿಸಿದ. ಆಮೇಲೆ ಅಡಿಕೆ ಮಾರಿದ ದುಡ್ಡು ಕೈಗೆ ಬಂತು, ಆಣೆ ಹೋಯಿತು. ಆಗ ದೂರದ ನೆಂಟರೊಬ್ಬರು ಒಂದು ಕರಪತ್ರ ತಂದುಕೊಟ್ಟರು: 90 ದಿನ, ಭಜನೆ, ಧ್ಯಾನ, ಸೇವೆ, ಔಷಧವೇ ಇಲ್ಲ. ಆ ಕೊನೆಯ ಮಾತು ನಮಗೆ ದೊಡ್ಡ ಗುಣವಾಗಿ ಕಂಡಿತು. ನಾವು ಹೆದರಬೇಕಾಗಿದ್ದುದು ಅದಕ್ಕೇ.

ಶಿವರಾತ್ರಿಗೆ ಮುಂಚೆ ಒಂದು ದಿನ ನಸುಕಿನಲ್ಲಿ ಜೀಪು ಬಂತು. ನಾಲ್ಕು ಜನ. ಅಮ್ಮ ಕಾಫಿ ಕೊಟ್ಟಳು. ಕುಡಿದು, ಲೋಟಗಳನ್ನು ಜಗುಲಿಯ ಮೇಲೆ ಸಾಲಾಗಿ ಇಟ್ಟು, ಒಳಗೆ ಹೋಗಿ ಮಲಗಿದ್ದವನನ್ನು ಹಾಸಿಗೆಯಿಂದ ಎತ್ತಿಕೊಂಡು ಬಂದರು. ಅವನು ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಎಂದೂ ಹೆಸರು ಹಿಡಿದು ಕರೆದವನಲ್ಲ, ಅಣ್ಣ ಎನ್ನುತ್ತಿದ್ದವನು. ಆ ರಾತ್ರಿ ನಾನು ವರ್ಷಗಟ್ಟಲೆ ಮಾಡದಂಥ ನಿದ್ದೆ ಮಾಡಿದೆ.

ಮೊದಲ 21 ದಿನ ಭೇಟಿ ಇಲ್ಲ, ಫೋನ್ ಇಲ್ಲ. ವಾರಕ್ಕೊಂದು ಫೋಟೋ ಮಾತ್ರ ಬರುತ್ತಿತ್ತು: ಬಿಳಿ ಪಂಚೆ, ಹಣೆಗೆ ವಿಭೂತಿ, ಕೈಯಲ್ಲಿ ತಾಳ. ನಮ್ಮೂರಿನ ಭಜನೆಯಲ್ಲಿ ತಾಳ ಹಾಕುತ್ತಿದ್ದವನು ಅವನೇ, ಹಾಗಾಗಿ ಅಮ್ಮನಿಗೆ ಫೋಟೋ ನೋಡಿ ಕಣ್ಣು ತುಂಬಿತು. ನೆಂಟರಿಗೆಲ್ಲ ಕಳಿಸಿದೆವು. ಮೂರನೆಯ ಫೋಟೋವನ್ನೂ ಕಳಿಸಿದ ಮೇಲೆ ನನ್ನ ಹೆಂಡತಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ವಿಭೂತಿಯ ನಡುವಿನ ಗೆರೆ ಎಡಗಡೆ ಅಳಿದಿತ್ತು. ಮೂರರಲ್ಲೂ ಅಷ್ಟೇ ಅಳಿದಿತ್ತು.

ಇಪ್ಪತ್ತೆರಡನೆಯ ದಿನ ಹೋದಾಗ ಎದುರಿಗೆ ಬಂದವನ ತಲೆ ಬೋಳಾಗಿತ್ತು. ಫೋಟೋಗಳೆಲ್ಲ ಮೊದಲ ದಿನದ್ದು. ಅಂಗೈ ತುಂಬ ಬೊಕ್ಕೆ. ಆಶ್ರಮದ ತೋಟಕ್ಕೆ ಗೊಬ್ಬರ ಹೊರುವುದೇ ಸೇವೆಯಂತೆ. ಬಾಯಿ ತೆರೆ ಎಂದೆ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಹಳ್ಳವಾಗಿ ಉಳಿದಿತ್ತು.

ಏನಾಗಿತ್ತೆಂದು ಹೇಳಿದವರು ಅವನ ಪಕ್ಕದ ಚಾಪೆಯ ಹಿರಿಯರು. ಎರಡನೆಯ ರಾತ್ರಿ ಫಿಟ್ಸ್ ಬಂತು, ತೀರ್ಥ ಹಾಕಿದರು. ಮೂರನೆಯ ದಿನ ಅವನು ಕಾಲಿನಿಂದ ಇಂಬಳ, ಅಂದರೆ ಜಿಗಣೆ, ಕಿತ್ತು ಕಿತ್ತು ಎಸೆಯತೊಡಗಿದ. ಬೇಸಿಗೆ ಹೊಸ್ತಿಲಲ್ಲಿ ಮಳೆಗಾಲದ ಇಂಬಳ ಎಲ್ಲಿಂದ ಬರಬೇಕು? ಮೈಮೇಲಿದ್ದ ದುಷ್ಟಶಕ್ತಿ ಇಳಿಯುತ್ತಿದೆ ಎಂದು ಹೇಳಿ ಕಂಬಕ್ಕೆ ಕಟ್ಟಿದರು. ವೈದ್ಯರನ್ನು ಕರೆಸಲಿಲ್ಲ, ನಮಗೆ ತಿಳಿಸಲಿಲ್ಲ.

ಶಿವಮೊಗ್ಗದಲ್ಲಿ ಮನೋವೈದ್ಯರು ಹೇಳಿದ ಮೇಲಷ್ಟೇ ನನಗೆ ಅರ್ಥವಾದದ್ದು. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ ಹುಳುಹುಪ್ಪಟೆ ಕಾಣುವ ಸನ್ನಿ ಹಿಡಿಯಬಹುದು, ಚಿಕಿತ್ಸೆ ಇಲ್ಲದಿದ್ದರೆ ಅದರಲ್ಲೇ ಜೀವ ಹೋಗಬಹುದು. ಕೆಲವು ದಿನ ಕೊಟ್ಟು ಕ್ರಮೇಣ ಕಡಿಮೆ ಮಾಡುವ ಮಾತ್ರೆಗಳು, ಬಿ1 ಜೀವಸತ್ವದ ಇಂಜೆಕ್ಷನ್, ಇಷ್ಟರಿಂದ ಬಹುಪಾಲು ತಡೆಯಬಹುದಾದ ಸಂಗತಿ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಕುಡಿತ ಬಿಡಲು ಹೊರಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲೂ ದೇವರ ಮಾತು ಬರುತ್ತದೆ, ಅಲ್ಲಿ ಶುಲ್ಕವಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಭಜನೆ ಮಾಡಿಸುವವರು ಮಾಡಿಸಲಿ. ಆ ಮೊದಲ ವಾರವನ್ನು ವೈದ್ಯರ ಕೈಗೆ ಬಿಡಲಿ.

ಕರೆದುಕೊಂಡು ಹೊರಡುತ್ತೇವೆ ಎಂದಾಗ ಅಲ್ಲಿನವರು ನನ್ನ ಜೊತೆ ಜಗಳವಾಡಲಿಲ್ಲ. ಅಮ್ಮನ ಕಡೆ ತಿರುಗಿ, ವ್ರತ ಅರ್ಧಕ್ಕೆ ಮುರಿದರೆ ಮನೆತನಕ್ಕೆ ಒಳ್ಳೆಯದಾಗುವುದಿಲ್ಲ ತಾಯಿ ಎಂದರು. ಅಮ್ಮ ಮಗನ ಕೈ ಹಿಡಿದವಳು ಒಂದು ಕ್ಷಣ ಬಿಟ್ಟಳು. ಮತ್ತೆ ಹಿಡಿದುಕೊಂಡಳು. ಹಣ ಕೇಳಿದರೆ ರಸೀದಿ ಓದಿಕೊಳ್ಳಿ ಎಂದರು. ನಾನು ಶುಲ್ಕವೆಂದು ಕೊಟ್ಟ 45,000 ರೂಪಾಯಿ ಅದರಲ್ಲಿ ‘ದೇಣಿಗೆ’ ಆಗಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ನಾನು ಕೇಳಿಯೂ ಇರಲಿಲ್ಲ. ಮದ್ಯ, ಮಾದಕ ವ್ಯಸನದ ತೊಂದರೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಇಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ, ಹೆಸರು ಏನೇ ಇರಲಿ, ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ದುಡಿಸಿಕೊಳ್ಳುವಂತಿಲ್ಲ, ಸರಪಳಿ ಹಾಕುವಂತಿಲ್ಲ. ಒಪ್ಪದವನನ್ನು ಸೇರಿಸಲು ಅಣ್ಣನ ಸಹಿಯೊಂದೇ ಸಾಲದು. ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ನೋಂದಣಿ ಪತ್ರ ತೋರಿಸಿ, ರಾತ್ರಿ ಫಿಟ್ಸ್ ಬಂದರೆ ಯಾವ ವೈದ್ಯರು ಬರುತ್ತಾರೆ ಎಂದು ನಾನು ಅಂದು ಕೇಳಿದ್ದರೆ ಜೀಪು ಬರುತ್ತಲೇ ಇರಲಿಲ್ಲ. ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಲು ನಾವು ನಾಚಿಕೆಪಟ್ಟಿದ್ದೆವು. ಅಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಮ್ಮೂರಿನವರೇ ಇಬ್ಬರು ಸಿಕ್ಕರು.

ತಮ್ಮ ಈಗ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬರುತ್ತಾನೆ. ದೀಪಾವಳಿಯಲ್ಲಿ ಒಮ್ಮೆ ಜಾರಿದ, ತಾನೇ ಬಂದು ಹೇಳಿದ, ಮಾತ್ರೆ ಬದಲಾಯಿತು. ಸಂಜೆ ಅಮ್ಮ ದೀಪ ಹಚ್ಚಿ ಹಾಡಲು ಶುರು ಮಾಡಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಾನೆ. ಅವಳೀಗ ಬಾಯಿಯೊಳಗೇ ಹಾಡಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಾಳೆ.