ಎಂಟು ಡಬ್ಬ, ಎರಡೇ ಚಾನೆಲ್

ಹೋಮ್ ಥಿಯೇಟರ್ ತಗೋಬೇಕು ಅಂತ ಅಂಗಡಿ ಸುತ್ತುತ್ತಿರುವವರು ಒಂದು ನಿಮಿಷ ನಿಂತು ಇದನ್ನು ಓದಿ. ನಾನು ಏಳು ತಿಂಗಳು ಎಂಟು ಸ್ಪೀಕರ್ ಡಬ್ಬಗಳ ನಡುವೆ ಕೂತು ಬರೀ ಸ್ಟೀರಿಯೋ, ಅಂದರೆ ಎಡ-ಬಲ ಎರಡೇ ಚಾನೆಲ್‌ನ ಸದ್ದು, ಕೇಳಿದೆ. ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಸರಿ ಮಾಡಲು ಹೋದರೆ, ಯಾವ ಕಡೆ ಹೋದರೂ ಗೋಡೆ.

ನಾನು ಕೊಂಡಿದ್ದು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್. ಪೆಟ್ಟಿಗೆ ಮೇಲೆ ದೊಡ್ಡದಾಗಿ ಎರಡು ಸಂಖ್ಯೆ: 5.1.2 ಮತ್ತು 1000 ವಾಟ್. ಮೊದಲನೆಯದರ ಅರ್ಥ ಕಿವಿಯ ಎತ್ತರದಲ್ಲಿ 5 ಸ್ಪೀಕರ್, ತಗ್ಗಿನ ಗುಡುಗು ಸದ್ದಿಗೆ 1 ಸಬ್‌ವೂಫರ್, ತಲೆ ಮೇಲಿನ ಸದ್ದಿಗೆ 2. ಎರಡನೆಯದರ ಅರ್ಥ ಏನೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಗಡಿಯಲ್ಲಿ ಡೆಮೊ ಅಂತ ಹಾಕಿದ್ದು ಹೆಲಿಕಾಪ್ಟರ್, ಗುಡುಗು, ಒಂದು ಸ್ಫೋಟ. ಮೊದಲು ಒಂದು ಚಿಕ್ಕ ಸೆಟ್‌ನಲ್ಲಿ ಕೇಳಿಸಿದರು, ಆಮೇಲೆ ಇದರಲ್ಲಿ. ಎದೆ ಝಲ್ ಅಂದಿತು. ಈಗ ಯೋಚಿಸಿದರೆ, ಎರಡನೆಯದನ್ನು ಸ್ವಲ್ಪ ಜೋರಾಗಿ ಇಟ್ಟಿದ್ದರು ಅಷ್ಟೇ. ಸದ್ದು ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೆ ಸಾಕು, ನಮ್ಮ ಕಿವಿ ಅದನ್ನು 'ಜೋರಾಗಿದೆ' ಅನ್ನುವುದಿಲ್ಲ, 'ಚೆನ್ನಾಗಿದೆ' ಅನ್ನುತ್ತದೆ. ಇಬ್ಬರು ಮೆಲ್ಲಗೆ ಮಾತಾಡುವ ಒಂದು ದೃಶ್ಯ ಹಾಕಿ ಅಂತ ನಾನು ಕೇಳಲೇ ಇಲ್ಲ. ಮನೆಯಲ್ಲಿ ನಾವು ನೋಡುವುದರಲ್ಲಿ ಮುಕ್ಕಾಲು ಪಾಲು ಮಾತೇ ಅಲ್ವಾ?

ಜೋಡಿಸಲು ಬಂದ ಹುಡುಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ. ಟಿವಿಯಿಂದ ಸೆಟ್‌ಗೆ ಒಂದು ಆಪ್ಟಿಕಲ್ ಕೇಬಲ್ (ಬೆಳಕಿನ ಮೂಲಕ ಸದ್ದು ಸಾಗಿಸುವಂಥದ್ದು) ಸಿಕ್ಕಿಸಿದ. ರಿಮೋಟಿನಲ್ಲಿ ಏನೋ ಒತ್ತಿದ. "ಎಲ್ಲಾ ಸ್ಪೀಕರ್ ಬರ್ತಿದೆ ಅಲ್ವಾ ಸಾರ್?" ಅಂದ. ಒಂದೊಂದಕ್ಕೂ ಕಿವಿ ಕೊಟ್ಟು ನೋಡಿದೆ. ಹೌದು, ಬರುತ್ತಿತ್ತು. ಸಹಿ ಹಾಕಿದೆ, ಅವನು ಹೋದ.

ಮಾರನೇ ದಿನದಿಂದಲೇ ಅಮ್ಮನ ತಕರಾರು ಶುರು. "ಏನಂದ ಅವನು?" ಪ್ರತಿ ಎರಡು ನಿಮಿಷಕ್ಕೊಮ್ಮೆ ಇದೇ ಪ್ರಶ್ನೆ. ಮಾತು ಕೇಳಲಿ ಅಂತ ಸದ್ದು ಏರಿಸಿದರೆ ಹೊಡೆದಾಟ ಬಂದಾಗ ಕಿಟಕಿ ನಡುಗುತ್ತಿತ್ತು. ಇಳಿಸಿದರೆ ಮಾತು ಗುನುಗುನು. ನಾನು ಅಮ್ಮನ ಕಿವಿ ಮೇಲೆ ಅನುಮಾನ ಪಟ್ಟೆ. ಅದಕ್ಕೆ ಈಗಲೂ ನಾಚಿಕೆ ಇದೆ.

ಗುಟ್ಟು ಹೊರಗೆ ಬಂದಿದ್ದು ಅಕ್ಕನ ಮಗನಿಂದ. ಸೋಫಾದ ಮೂಲೆಯಲ್ಲಿ, ಹಿಂದಿನ ಸ್ಪೀಕರ್‌ನ ಕೆಳಗೇ ಕೂತಿದ್ದ. "ಮಾವ, ಮಾತಾಡ್ತಿರೋನು ಮುಂದೆ ಇದಾನೆ, ಇಲ್ಲಿಂದ್ಯಾಕೆ ಕೇಳುತ್ತೆ?" ಅಂದ. ಹೌದಲ್ಲ! ನಿಜವಾದ 5.1ನಲ್ಲಿ ಮಾತು ಬಹುಪಾಲು ಟಿವಿ ಕೆಳಗಿನ ಸೆಂಟರ್ ಸ್ಪೀಕರ್‌ನಿಂದ ಬರಬೇಕು. ಹಿಂದಿನವು ಮಳೆ, ಗಾಳಿ, ಜನಸಂದಣಿ ಇಂಥವಕ್ಕೆ. ಎಷ್ಟೋ ಹೊತ್ತು ಅವು ಸುಮ್ನೆ ಇರುತ್ತವೆ, ಇರಬೇಕು ಕೂಡ. ಸೆಟ್‌ನ ಚಿಕ್ಕ ಪರದೆ ನೋಡಿದೆ. 'ಪಿಸಿಎಂ' (ಹಿಂಡದೆ ಕಳಿಸುವ ಡಿಜಿಟಲ್ ಸದ್ದು) ಅಂತಿತ್ತು. ಏಳು ತಿಂಗಳಿಂದ ಅದೇ ಇತ್ತು, ನಾನು ಗಡಿಯಾರದ ಹಾಗೆ ನೋಡಿಯೂ ನೋಡದೆ ಬಿಟ್ಟಿದ್ದೆ.

ಆಗಿದ್ದು ಇಷ್ಟು. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಇತ್ತು. ಆಪ್ಟಿಕಲ್ ಕೇಬಲ್‌ನಲ್ಲಿ ಪಿಸಿಎಂ ಕಳಿಸಿದರೆ ಹೋಗುವುದು ಎರಡೇ ಚಾನೆಲ್. ಆ ಎರಡನ್ನೇ ಎಂಟು ಡಬ್ಬಗಳಿಗೂ ಹಂಚುವ ಮೋಡ್ ಒಂದಿದೆ, ಎಲ್ಲಾ ಕಡೆಯಿಂದಲೂ ಅದೇ ಸ್ಟೀರಿಯೋ. ಹುಡುಗ ರಿಮೋಟಿನಲ್ಲಿ ಒತ್ತಿದ್ದು ಅದನ್ನೇ. ಬೇಕಂತಲೇ ಮೋಸ ಮಾಡಿದ ಅನ್ನಲಾರೆ. 'ಹಿಂದಿನ ಸ್ಪೀಕರ್ ಬರ್ತಾನೇ ಇಲ್ಲ' ಅಂತ ಜನ ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ, ಹೀಗೆ ಮಾಡಿಟ್ಟರೆ ಯಾರೂ ಫೋನ್ ಮಾಡುವುದಿಲ್ಲ. ನಿಮ್ಮ ಮನೆಯಲ್ಲೂ ಸೆಟ್ ಇದ್ದರೆ ಇವತ್ತೇ ಹಿಂದಿನ ಸ್ಪೀಕರ್‌ಗೆ ಕಿವಿ ಇಟ್ಟು ನೋಡಿ. ಸುದ್ದಿ ಓದುವವರ ದನಿ ಅಲ್ಲೂ ಮುಂದಿನಷ್ಟೇ ಜೋರಾಗಿ ಬರುತ್ತಿದ್ದರೆ ನಿಮ್ಮದೂ ಇದೇ ಕಥೆ.

ಸೆಟ್ಟಿಂಗ್ ಬದಲಿಸಿ ಬಿಟ್‌ಸ್ಟ್ರೀಮ್ (ಹಿಂಡಿದ ಸದ್ದನ್ನು ಟಿವಿ ಬಿಚ್ಚದೆ ಹಾಗೇ ಸೆಟ್‌ಗೆ ಕಳಿಸುವುದು) ಮಾಡಿದೆ. ಪರದೆ ಮೇಲೆ ಡಾಲ್ಬಿ ಡಿಜಿಟಲ್ ಅಂತ ಬಂತು. ಖುಷಿಯಾಯಿತು. ಆದರೆ ತಲೆ ಮೇಲಿನ ಸದ್ದಿಗೆ ಅಂತ ಕಾಸು ಕೊಟ್ಟ ಅಟ್ಮೋಸ್ ಮಾತ್ರ ಬರಲಿಲ್ಲ. ಬರುವ ಹಾಗೂ ಇಲ್ಲ. ಆಪ್ಟಿಕಲ್ 1980ರ ದಶಕದ ದಾರಿ, ಹಿಂಡಿ ಚಿಕ್ಕದು ಮಾಡಿದ ಮಾಮೂಲಿ 5.1ರ ಆಚೆಗೆ ಮನೆಯ ಸಿನಿಮಾ ಸದ್ದನ್ನು ಅದು ಹೊರಲಾರದು. ಸರಿ, ಎಚ್‌ಡಿಎಂಐ ಕೇಬಲ್ ತಂದೆ. ಅದನ್ನು ಟಿವಿಯ ಯಾವ ತೂತಿಗಾದರೂ ಹಾಕಿದರೆ ಆಗದು, 'ಎಆರ್‌ಸಿ' ಅಂತ ಬರೆದಿರುವುದಕ್ಕೇ ಹಾಕಬೇಕು, ಟಿವಿಯಿಂದ ಸದ್ದು ಹೊರಗೆ ಬರುವ ದಾರಿ ಅದು. ಎಆರ್‌ಸಿ 2009ರಲ್ಲಿ ಬಂದದ್ದು. ಅದರ ದೊಡ್ಡಣ್ಣ ಇಎಆರ್‌ಸಿ 2017ರ ಎಚ್‌ಡಿಎಂಐ 2.1ರ ಜೊತೆ ಬಂತು. ಆನ್‌ಲೈನ್ ಸಿನಿಮಾಗಳ ಹಿಂಡಿದ ಅಟ್ಮೋಸ್ ಎಆರ್‌ಸಿಯಲ್ಲೂ ಹೋಗಬಲ್ಲದು, ಟಿವಿ ಅದನ್ನು ಬಿಟ್ಟುಕೊಟ್ಟರೆ. ನನ್ನ ಹಳೇ ಟಿವಿ ಬಿಟ್ಟುಕೊಡಲಿಲ್ಲ. ಬ್ಲೂ-ರೇ ಡಿಸ್ಕಿನ ಪೂರ್ತಿ ಸದ್ದು ಬೇಕಾದರೆ ಇಎಆರ್‌ಸಿ ಇರಬೇಕು, ಇಲ್ಲವೇ ಪ್ಲೇಯರನ್ನು ನೇರವಾಗಿ ಸೆಟ್‌ಗೆ ಸಿಕ್ಕಿಸಬೇಕು. ಸಿಕ್ಕಿಸೋಣ ಅಂತ ಸೆಟ್ಟಿನ ಹಿಂಬದಿ ನೋಡಿದೆ. ಒಂದೇ ಒಂದು ಎಚ್‌ಡಿಎಂಐ. ಅದೂ ಟಿವಿಗೆ ಹೋಗುವುದು. ಇನ್‌ಪುಟ್ ಇಲ್ಲವೇ ಇಲ್ಲ.

ಇದನ್ನು ಅಂಗಡಿಯಲ್ಲೇ ಪೆಟ್ಟಿಗೆ ತಿರುಗಿಸಿ ನೋಡಬಹುದಿತ್ತು. ಮುಂಭಾಗ ನೋಡಿ ಮರುಳಾದವನು ಹಿಂಭಾಗ ನೋಡಲಿಲ್ಲ.

ಹೋಗಲಿ, ಸಿಗ್ನಲ್ ಬಂದಿದ್ದರೂ ಏನಾಗುತ್ತಿತ್ತು? ಆ '2' ಸ್ಪೀಕರ್‌ಗಳು ಚಾವಣಿಗೆ ಹಾಕುವಂಥವಲ್ಲ, ಕೆಳಗಿಂದ ಮೇಲಕ್ಕೆ ಮುಖ ಮಾಡಿ ಚಾವಣಿಗೆ ಸದ್ದು ಹೊಡೆದು ನಮ್ಮ ಮೇಲೆ ಬೀಳಿಸುವಂಥವು. ಅದಕ್ಕೆ ಚಾವಣಿ ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು, ಬಹಳ ಎತ್ತರವೂ ಇರಬಾರದು. ನನ್ನ ಕೋಣೆಯದು ಇಳಿಜಾರು ಚಾವಣಿ. ಸದ್ದು ಚಾವಣಿಗೆ ತಾಗಿ ನನ್ನ ಕಡೆ ಬರುವ ಬದಲು ಪಕ್ಕದ ಗೋಡೆ ಕಡೆ ಹೋಗುತ್ತಿತ್ತು. ಮಾರುವವರು 'ರೂಮ್ ಎಷ್ಟು ದೊಡ್ಡದು ಸಾರ್' ಅಂತ ಕೇಳಿದ್ದರು, ಚಾವಣಿ ಹೇಗಿದೆ ಅಂತ ಕೇಳಲಿಲ್ಲ. ಸೋಫಾ ಎಲ್ಲಿದೆ ಅಂತಲೂ ಕೇಳಲಿಲ್ಲ. ನಮ್ಮ ಸೋಫಾ ಹಿಂದಿನ ಗೋಡೆಗೆ ಒರಗಿಯೇ ಇದೆ. 5.1ನಲ್ಲಿ ಹಿಂದಿನ ಸ್ಪೀಕರ್‌ಗಳು ಕೂತವರ ಎರಡೂ ಪಕ್ಕಕ್ಕೆ, ಕಿವಿಗಿಂತ ಸ್ವಲ್ಪ ಹಿಂದೆ ಬರಬೇಕು. ನೇರ ಮುಂದೆ ಸೊನ್ನೆ ಅಂತಿಟ್ಟುಕೊಂಡರೆ 110ರಿಂದ 120 ಡಿಗ್ರಿ. ಗೋಡೆಗೆ ಬೆನ್ನು ಕೊಟ್ಟವನಿಗೆ 'ಹಿಂದೆ' ಎಲ್ಲಿದೆ? ಹುಡುಗ ಅವನ್ನು ಚಾವಣಿ ಹತ್ತಿರದ ಮೂಲೆಗಳಲ್ಲಿ ಮೊಳೆ ಹೊಡೆದು ನೇತುಹಾಕಿದ್ದ. ಕಾಗೆ ಗೂಡಿನ ಹಾಗೆ. ಪೆಟ್ಟಿಗೆ ಮೇಲೆ 'ವೈರ್‌ಲೆಸ್' ಅಂತಿದ್ದರೂ ಈ ಹಿಂದಿನ ಎರಡಕ್ಕೂ ಕರೆಂಟಿನ ವೈರು ಬೇಕಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಈಗ ಆ 1000 ವಾಟ್. ಇದನ್ನು ಬಿಡಿಸಿ ನೋಡಲೇಬೇಕು, ಯಾಕೆಂದರೆ ಬಹಳ ಜನ ಜಾರುವುದು ಇಲ್ಲೇ. ಪೆಟ್ಟಿಗೆಯ ಕೆಳಗೆ ಇರುವೆ ಅಕ್ಷರದಲ್ಲಿ ಬರೆದಿದ್ದರು: 125 ವಾಟ್ ಗುಣಿಸು 8, 3 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ), 1 ಕಿಲೋಹರ್ಟ್ಸ್, 10% ಡಿಸ್ಟಾರ್ಷನ್. ಅಂದರೆ ಒಂದೇ ಒಂದು ಪೀಂ ಅನ್ನುವ ಸ್ವರ ಕೊಟ್ಟು, ದನಿ ಒಡೆದು ಹರಿದುಹೋಗುವವರೆಗೆ ಏರಿಸಿ, ಬಂದ ಅಂಕಿಯನ್ನು ಎಂಟರಿಂದ ಗುಣಿಸಿದ್ದಾರೆ. ಎಲ್ಲವೂ ಒಟ್ಟಿಗೆ ಅಷ್ಟು ಕೊಡುತ್ತವೆ ಅಂತ ಎಲ್ಲೂ ಹೇಳಿಲ್ಲ. ಇನ್ನು ಸೆಟ್ಟಿನ ಹಿಂದಿನ ಚೀಟಿಯಲ್ಲಿ 'ವಿದ್ಯುತ್ ಬಳಕೆ 110 ವಾಟ್' ಅಂತಿತ್ತು. ಪ್ಲಗ್‌ನಿಂದ 110 ಎಳೆದುಕೊಂಡು ಸ್ಪೀಕರ್‌ಗೆ 1000 ಕೊಡುವ ಯಂತ್ರ ಇದ್ದರೆ ಮನೆಗೆ ಕರೆಂಟೇ ಬೇಡ. ಕ್ಷಣಮಾತ್ರದ ಅಬ್ಬರಕ್ಕೆ ಒಳಗೆ ಕರೆಂಟು ಕೂಡಿಡುವ ಕೆಪಾಸಿಟರ್ ಸ್ವಲ್ಪ ಆಸರೆಯಾಗುತ್ತದೆ, ನಿಜ. ಅಷ್ಟಕ್ಕೇ ಸಾವಿರ ಆಗುವುದಿಲ್ಲ. ಈ ವಾಟ್ ಆಟ ಎಷ್ಟು ಹಳೆಯದೆಂದರೆ, ಅದನ್ನು ಹದಕ್ಕೆ ತರಲು ಅಮೆರಿಕದಲ್ಲಿ 1974ರಲ್ಲೇ ನಿಯಮ ಮಾಡಿದ್ದರು. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂತ ಬರೆದಿದ್ದರಂತೂ ಆ ಅಂಕಿಯನ್ನು ಓದಲೇಬೇಡಿ.

ನೋಡಬೇಕಾದ ಸಾಲು ಬೇರೆ ಇದೆ: 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 8 ಓಮ್, ಎರಡು ಚಾನೆಲ್ ಒಟ್ಟಿಗೆ, 0.1% ಆಸುಪಾಸಿನ ಡಿಸ್ಟಾರ್ಷನ್. ಹೀಗೆ ಅಳೆದು 80 ವಾಟ್ ಅಂದರೆ ಅದು ಮರ್ಯಾದಸ್ಥ 80. ಅದರ ಜೊತೆ ಸ್ಪೀಕರ್‌ನ ಸೆನ್ಸಿಟಿವಿಟಿ. 88 ಡೆಸಿಬೆಲ್ ಅಂತಿದ್ದರೆ, ಒಂದೇ ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಅಂತ. ಮಾಮೂಲಿ ಕೋಣೆಯಲ್ಲಿ ಅದೇನು ಕಡಿಮೆಯಲ್ಲ. ವಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಜೋರು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಅಂದಮೇಲೆ 500ಕ್ಕೂ 1000ಕ್ಕೂ ಇರುವ ವ್ಯತ್ಯಾಸ ನಿಜವೇ ಆಗಿದ್ದರೂ ರಿಮೋಟಿನಲ್ಲಿ ಒಂದೆರಡು ಗೀಟಿನಷ್ಟು.

ಇಷ್ಟೆಲ್ಲ ಆದ ಮೇಲೂ ನನಗೆ ಒಂದು ಆಸೆ ಇತ್ತು. ಬೇರೇನೂ ಬೇಡ, ಸೆಂಟರ್ ಸ್ಪೀಕರ್ ಒಂದನ್ನು ಬದಲಿಸೋಣ, ಅಮ್ಮನಿಗೆ ಮಾತು ಕೇಳಲಿ. ಅದರೊಳಗೆ ಇದ್ದದ್ದು ಎರಡೂವರೆ ಇಂಚಿನ ಒಂದು ಕೋನ್, ಸುತ್ತ ಟೊಳ್ಳು ಪ್ಲಾಸ್ಟಿಕ್. ಒಳ್ಳೆಯ ಸ್ಪೀಕರ್ ತರಲು ಹೋದೆ. ಆಗದು. ಈ ಸೆಟ್ಟಿನ ಪ್ಲಗ್ ಬಣ್ಣಬಣ್ಣದ್ದು, ಅವರದ್ದೇ ಅಚ್ಚು, ಬೇರೆ ಯಾವ ಸ್ಪೀಕರ್‌ಗೂ ಹೊಂದುವುದಿಲ್ಲ. ವೈರು ಕತ್ತರಿಸಿ ಸೇರಿಸಿದರೂ ಹೊರಗಿನ ಸ್ಪೀಕರ್‌ಗಳು ಸಾಮಾನ್ಯವಾಗಿ 6 ಅಥವಾ 8 ಓಮ್, ಇದು 3 ಓಮ್‌ಗೆ ಕಟ್ಟಿದ ಸೆಟ್. ಸದ್ದಿನ ತೂಕವೇ ತಪ್ಪುತ್ತದೆ. ಸಬ್‌ವೂಫರ್ ಬದಲಿಸೋಣ ಅಂದರೆ ಅದರೊಳಗೆ ಆಂಪ್ಲಿಫೈಯರ್ರೇ ಇಲ್ಲ, ಹೊರಗಿನದನ್ನು ಸೇರಿಸಲು ಸಾಕೆಟ್ಟೂ ಇಲ್ಲ. ಒಂದು ಕೆಟ್ಟರೆ ಎಂಟೂ ದಂಡ. ನನಗೆ ಅತಿ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲಿ. ಉಳಿದದ್ದೆಲ್ಲ ನನ್ನ ಅವಸರದ ತಪ್ಪು, ಇದು ಮಾತ್ರ ಅವರು ಬೇಕಂತಲೇ ಹಾಕಿದ ಬೀಗ.

ಎರಡನೇ ಸಲ ಕೊಳ್ಳುವಾಗ ಮೊದಲು ಟೇಪ್ ಹಿಡಿದು ಕೋಣೆ ಅಳೆದೆ, ಸೋಫಾವನ್ನು ಗೋಡೆಯಿಂದ ಎರಡು ಅಡಿ ಮುಂದೆ ಎಳೆದೆ. ತಂದಿದ್ದು ಬರೀ 3.1: ಎಡ, ಬಲ, ಸೆಂಟರ್ ಒಂದೇ ಸರಣಿಯವು, ಸ್ವಂತ ಆಂಪ್ಲಿಫೈಯರ್ ಇರುವ ಒಂದು ಸಬ್‌ವೂಫರ್, ಮತ್ತು ಒಂದು ಎವಿ ರಿಸೀವರ್ (ಸಿಗ್ನಲ್ ಪಡೆದು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್). ರಿಸೀವರ್‌ನ ಹಿಂದೆ ನಾಲ್ಕು ಎಚ್‌ಡಿಎಂಐ ಇನ್‌ಪುಟ್, ಬರೀ ತಾಮ್ರದ ವೈರು ಸಿಕ್ಕಿಸಿ ತಿರುಗಿಸುವ ಮಾಮೂಲಿ ಟರ್ಮಿನಲ್‌ಗಳು. ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟೆ, ಅಂದರೆ ಅದಕ್ಕಿಂತ ತಗ್ಗಿನ ಸದ್ದು ಸಬ್‌ವೂಫರ್‌ಗೆ. ಸಬ್‌ವೂಫರನ್ನು ಸೋಫಾ ಮೇಲೆ ಕೂರಿಸಿ, ಒಂದೇ ಬೇಸ್ ತುಣುಕು ಹಾಕಿಕೊಂಡು, ನೆಲದ ಮೇಲೆ ಅಂಬೆಗಾಲಿಟ್ಟು ಎಲ್ಲಿ ಗುಂಯ್ ಅನ್ನದೆ ಚೊಕ್ಕವಾಗಿ ಕೇಳುತ್ತದೋ ಆ ಜಾಗ ಹುಡುಕಿ ಸಬ್‌ವೂಫರನ್ನು ಅಲ್ಲಿಟ್ಟೆ. ಮನೆಯವರೆಲ್ಲ ನಿಂತು ನಕ್ಕರು. ನಗಲಿ. ಮೂಲೆಯಲ್ಲಿಟ್ಟಾಗ ಇದ್ದ ಗುಡುಗುಡು ಹೋಯಿತು. ಹಿಂದಿನ ಎರಡು ಸ್ಪೀಕರ್ ಆರು ತಿಂಗಳ ಮೇಲೆ ಬಂದವು. ಮೇಲಿನವು ಇನ್ನೂ ಇಲ್ಲ. ಡಬ್ಬಗಳ ಲೆಕ್ಕದಲ್ಲಿ ಮೊದಲಿಗಿಂತ ಕಡಿಮೆಯೇ, ಆದರೆ ಅಮ್ಮ 'ಏನಂದ ಅವನು' ಅನ್ನುವುದನ್ನು ಬಿಟ್ಟಿದ್ದಾರೆ. ಈಗ ಕಥೆ ಸರಿಯಿಲ್ಲ ಅಂತ ಬೈಯುತ್ತಾರೆ.

ಹಳೇ ಸೆಟ್ ಮಾರಲು ಇಟ್ಟೆ. ಒಬ್ಬರು ನೋಡಲು ಬಂದರು. ಸುಳ್ಳು ಹೇಳಬಾರದು ಅಂತ ಎಲ್ಲವನ್ನೂ ಹೇಳಿದೆ. ಒಂದೇ ಎಚ್‌ಡಿಎಂಐ, ಬೇರೆ ಸ್ಪೀಕರ್ ಹೊಂದುವುದಿಲ್ಲ, ಮಾತು ಸರಿಯಾಗಿ ಕೇಳುವುದಿಲ್ಲ, ಚಾವಣಿ ಸಮತಟ್ಟಾಗಿರಬೇಕು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತಾ ಕೇಳಿದರು:

"ಅದೆಲ್ಲ ಇರಲಿ ಸಾರ್. ಸಾವಿರ ವಾಟ್ ಅಂತಿದೆಯಲ್ಲ, ಪೂರ್ತಿ ಬರುತ್ತಾ?"